ತಾರೀಖು ಕೊಟ್ಟವರು ಯಾರು

ಬಳಗಾನೂರಿನ ದೀಪಿಕಾ ಪ್ರಾಜೆಕ್ಟ್ ನಡೆಸುವುದನ್ನು ಕಲಿತದ್ದು ಒಬ್ಬನ ಮೇಲಿನ ಸೇಡಿಗಾಗಿ. ಇದನ್ನು ಅವಳು ಯಾರಿಂದಲೂ ಮುಚ್ಚಿಟ್ಟಿಲ್ಲ.

ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಸಿಂಧನೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು. ಅದರ ಮಾಲೀಕ ಅನಿಲಕುಮಾರ. ಇಸ್ತ್ರಿ ಕೆಡದ ಬಿಳಿ ಅಂಗಿ, ಯಾರನ್ನಾದರೂ ಒಪ್ಪಿಸಿಬಿಡುವ ಮಾತು. ಆ ವರ್ಷ ಅವನು, ಅಕ್ಕಿ ಗಿರಣಿಗಳಿಗೆ ಬರುವ ಭತ್ತದ ಗಾಡಿಗಳಿಗೆ ಕಂಪ್ಯೂಟರಿನಿಂದ ಸರದಿ ಚೀಟಿ ಕೊಡುವ ಕೆಲಸ ಹಿಡಿದ. ಯಾವಾಗ ಮುಗಿಯುತ್ತದೆ ಎಂದು ಗಿರಣಿಯವರು ಕೇಳಿದಾಗ, ಕೆಲಸ ಮಾಡುವವರನ್ನು ಒಂದು ಮಾತೂ ಕೇಳದೆ, ಸುಗ್ಗಿಯ ಮೊದಲ ದಿನಕ್ಕೇ ಎಂದುಬಿಟ್ಟ.

"ಎರಡೂ ಗೇಟಿನ್ಯಾಗ ಒಮ್ಮೆಲೇ ಚೀಟಿ ಕೊಟ್ರ ಏನಾಗ್ತೈತಿ ಅಂತ ಇನ್ನಾ ನೋಡಿಲ್ರಿ ಸರ್" ಎಂದಳು ದೀಪಿಕಾ.

"ಮೊದ್ಲು ಚಾಲೂ ಮಾಡು. ಆಮ್ಯಾಲ ನೋಡೂಣು."

ಚಾಲೂ ಆದ ದಿನ ಎರಡು ಗೇಟುಗಳೂ ಒಂದೇ ನಂಬರಿನ ಚೀಟಿ ಕೊಟ್ಟವು. ಒಳಗೆ ಹೋಗಲು ನಾ ಮುಂದೆ ನೀ ಮುಂದೆ ಎಂದು ಜಗಳ ಹತ್ತಿ, ಗಾಡಿಗಳು ಗಂಗಾವತಿ ರಸ್ತೆಯವರೆಗೆ ನಿಂತವು. ಗಿರಣಿ ಮಾಲೀಕರು ಸಿಟ್ಟಿಗೆದ್ದು ಬಂದಾಗ ಅನಿಲಕುಮಾರ ದೀಪಿಕಾಳತ್ತ ಬೆರಳು ಮಾಡಿದ.

"ಈ ಹುಡುಗಿ ಟೆಸ್ಟ್ ಮಾಡಿಲ್ರಿ. ಬಡವರ ಮಗಳು ಅಂತ ಕೆಲಸ ಕೊಟ್ಟಿದ್ದೆ, ನಂದೇ ತಪ್ಪು."

ಸರದಿಯಲ್ಲಿ ನಿಂತ ಟ್ರ್ಯಾಕ್ಟರೊಂದರ ಮೇಲೆ ಅವಳ ಅಪ್ಪ ಹನುಮಂತರಾಯ ಕೂತಿದ್ದ. ಒಡೆಯರ ಭತ್ತ ತಂದಿದ್ದ ಅವನಿಗೆ ಪ್ರತಿ ಮಾತೂ ಕೇಳಿಸಿತು. ಟವೆಲ್ಲಿನಿಂದ ಮುಖ ಒರೆಸಿಕೊಂಡು ಬೇರೆ ಕಡೆ ನೋಡಿದ. ಕೆಲಸ ಹೋದದ್ದನ್ನು ದೀಪಿಕಾ ಮರೆತಾಳು, ಅಪ್ಪ ಹಾಗೆ ಮುಖ ತಿರುಗಿಸಿದ್ದನ್ನು ಮರೆಯಲಿಲ್ಲ.

"ಬಿಡವ್ವ, ದೊಡ್ಡವರ ಕೂಡ ನಮಗ್ಯಾಕ" ಎಂದಳು ತಾಯಿ ಹುಸೇನಮ್ಮ. ದೀಪಿಕಾ ಬಿಡಲಿಲ್ಲ.

ಲಿಂಗಸುಗೂರಿನಲ್ಲಿ ಶಾಹೀನ್ ಎಂಬ ಹೆಣ್ಣುಮಗಳು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಕಲಿಸುತ್ತಿದ್ದರು. ಹೈದರಾಬಾದಿನಲ್ಲಿ ದೊಡ್ಡ ಕೆಲಸಗಳನ್ನು ನಡೆಸಿದವರು. ಗಂಡನಿಗೆ ಹಟ್ಟಿಯ ಗಣಿಯಲ್ಲಿ ನೌಕರಿಯಾದ್ದರಿಂದ ಈ ಕಡೆ ಬಂದಿದ್ದರು. ಯಾಕೆ ಕಲಿಯಬೇಕು ಎಂದು ಕೇಳಿದಾಗ ದೀಪಿಕಾ ನೇರವಾಗಿಯೇ ಹೇಳಿದಳು.

"ಒಬ್ಬಾವನ್ನ ಕೆಡವಬೇಕ್ರಿ ಮೇಡಂ."

ಶಾಹೀನ್ ನಗಲಿಲ್ಲ. "ಸಿಟ್ಟು ಇಟ್ಕೋ. ಆದ್ರ ಕೆಲಸದಾಗ ತರಬ್ಯಾಡ" ಎಂದು ಸೇರಿಸಿಕೊಂಡರು.

ಅಲ್ಲಿ ಅವಳು ದೊಡ್ಡ ಕೆಲಸವನ್ನು ತುಂಡು ಮಾಡುವುದನ್ನು ಕಲಿತಳು. ಯಾವ ತುಂಡು ಯಾವುದಕ್ಕೆ ಕಾಯುತ್ತದೆ, ಎಲ್ಲಿ ಕೈಕೊಡಬಹುದು ಎಂದು ಮೊದಲೇ ಅಳೆಯುವುದನ್ನು ಕಲಿತಳು. ತಾರೀಖು ಮಾಲೀಕನ ಬಾಯಿಂದ ಬರಬಾರದು, ಮಾಡುವವರನ್ನು ಕೇಳಿ ಬರಬೇಕು ಎಂಬುದನ್ನು ಶಾಹೀನ್ ಮತ್ತೆ ಮತ್ತೆ ಹೇಳುತ್ತಿದ್ದರು. ಅಭ್ಯಾಸಕ್ಕೆಂದು ಊರಿನ ಹಲ್ಲಿನ ದವಾಖಾನೆಯೊಂದಕ್ಕೆ ಸಾಫ್ಟ್‌ವೇರ್ ಮಾಡಿಸುವ ಕೆಲಸವನ್ನು ಅವಳಿಗೆ ಒಪ್ಪಿಸಿದಾಗ, ತಡಮಾಡಿದ ಹುಡುಗನೊಬ್ಬನನ್ನು ದೀಪಿಕಾ ಎಲ್ಲರೆದುರು ಬೈದಳು.

ಶಾಹೀನ್ ಅವಳನ್ನು ಹೊರಗೆ ಕರೆದರು. "ಆ ಸಿಂಧನೂರಿನಾವ ಮಾತಾಡಿದಂಗ ಕೇಳ್ತು ನನಗ."

ಆ ಮಾತು ಅವಳಿಗೆ ಏಟಿನಂತೆ ಬಿತ್ತು. ಹುಡುಗನ ಹತ್ತಿರ ಹೋಗಿ ಕೂತು, ಎಲ್ಲಿ ತೊಡಕಾಗಿದೆ ಎಂದು ಕೇಳಿದಳು. ಕೆಲಸ ಮುಗಿಯಿತು. ಸಿಟ್ಟು ಮಾತ್ರ ಹಾಗೇ ಇತ್ತು.

ಮುಂದೆ ಮಸ್ಕಿಯಲ್ಲಿ ಬೀಜ-ಗೊಬ್ಬರದ ಅಂಗಡಿಕಾರರ ಸಂಘ ಅವಳನ್ನು ಮ್ಯಾನೇಜರ್ ಆಗಿ ತೆಗೆದುಕೊಂಡಿತು. ಎಲ್ಲ ಅಂಗಡಿಗಳ ದಾಸ್ತಾನು ಒಂದೇ ಕಂಪ್ಯೂಟರಿನಲ್ಲಿ ಕಾಣಬೇಕೆಂಬುದು ಸಂಘದ ಅಧ್ಯಕ್ಷ ದೊಡ್ಡಬಸಪ್ಪನವರ ಆಸೆ. ಕೆಲಸ ಕೇಳಿಕೊಂಡು ಬಂದವರಲ್ಲಿ ಅನಿಲಕುಮಾರನೂ ಇದ್ದ.

"ಅರೆ, ನಮ್ಮ ದೀಪಿಕಾ! ನಾನೇ ಕೆಲಸ ಕಲಿಸಿದ ಹುಡುಗಿರಿ ಇಕಿ" ಎಂದು ಅಧ್ಯಕ್ಷರೆದುರು ನಕ್ಕ.

ಅವಳೂ ನಕ್ಕಳು. ಬೇಡ ಎಂದು ಒಂದು ಮಾತು ಹೇಳಿದ್ದರೆ ಅವನನ್ನು ಅಲ್ಲೇ ಕಳಿಸಿಬಿಡುತ್ತಿದ್ದರು. ಬದಲಿಗೆ ಅವನೇ ಆಗಬಹುದು ಎಂದಳು. ಕಮಿಟಿಯವರೆಲ್ಲ ಕೂತಾಗ ಮೆಲ್ಲಗೆ ಕೇಳಿದಳು, "ಸರ್, ಯಾವಾಗ ಮುಗಿಸ್ತೀರಿ?"

"ಕಾರಹುಣ್ಣಿವಿಗೆ. ಬಿತ್ತಿಗಿ ಮೊದ್ಲೇ ಚಾಲೂ."

"ಪಕ್ಕಾ ಏನ್ರಿ?"

"ನನ್ನ ಜವಾಬ್ದಾರಿ."

ಅವನ ಯೋಜನೆಯಲ್ಲಿ ಅಂಗಡಿಯವರ ಕೈಯಲ್ಲಿ ಪ್ರಯೋಗ ಮಾಡಿ ನೋಡುವ ವಾರವೇ ಇರಲಿಲ್ಲ. ದೀಪಿಕಾ ಅದನ್ನು ಮೊದಲ ದಿನವೇ ಕಂಡಳು, ಹೇಳಲಿಲ್ಲ. ಅವನು ಎಷ್ಟು ಎತ್ತರಕ್ಕೆ ಹೋಗಿ ಬೀಳುತ್ತಾನೆ ಎಂದು ಕಾಯುತ್ತ, ಆ ಬೇಸಿಗೆಯನ್ನೆಲ್ಲ ಒಂದು ಬಗೆಯ ಹಿಗ್ಗಿನಲ್ಲಿ ಕಳೆದಳು.

ಮಳೆ ಬಿದ್ದ ಮರುದಿನ ಅಂಗಡಿಗಳ ಮುಂದೆ ಜನ ನೆರೆಯಿತು. ಬಿಲ್ಲು ಬರಲಿಲ್ಲ. ಗೋದಾಮಿನಲ್ಲಿ ತೊಗರಿ ಬೀಜದ ಚೀಲಗಳು ಅಟ್ಟಿಯಾಗಿದ್ದರೂ ಕಂಪ್ಯೂಟರು ಒಂದೂ ಇಲ್ಲ ಎಂದು ತೋರಿಸುತ್ತಿತ್ತು. ದೊಡ್ಡಬಸಪ್ಪ ಅನಿಲಕುಮಾರನನ್ನು ಕರೆಸಿದರು. ದೀಪಿಕಾ ಅವನಿಗೆ ಎದುರಾಗಿಯೇ ಕೂತಳು. ಅವನ ಮುಖವನ್ನು ಸರಿಯಾಗಿ ನೋಡಬೇಕಿತ್ತು.

ಅವನು ಹಿಂದೆ ತಿರುಗಿ, ತನ್ನ ಜೊತೆ ಬಂದಿದ್ದ ಭಾಗ್ಯಶ್ರೀ ಎಂಬ ಹುಡುಗಿಯತ್ತ ಬೆರಳು ಮಾಡಿದ. "ಇಕಿ ಟೆಸ್ಟ್ ಮಾಡಿಲ್ರಿ."

ಆ ಹುಡುಗಿಯ ಕತ್ತು ಬಗ್ಗಿತು. ದೀಪಿಕಾ ತೋಡಿದ ಗುಂಡಿಗೆ ಅವನು ಬೇರೊಬ್ಬಳನ್ನು ನೂಕುತ್ತಿದ್ದ.

"ತಾರೀಖು ಕೊಟ್ಟಾವ್ರು ಯಾರ್ರಿ ಸರ್?" ಎಂದಳು.

"ಅದು ಬ್ಯಾರೆ ಮಾತು..."

"ಅದೇ ಮಾತು. ಟೆಸ್ಟ್ ಮಾಡಾಕ ಆಕಿಗೆ ಎಷ್ಟು ದಿನಾ ಕೊಟ್ಟೀರಿ? ಆಕಿ ಮುಖಾ ನೋಡಿ ಹೇಳ್ರಿ."

ಅವನು ನೋಡಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ದೀಪಿಕಾ ಅವನ ಯೋಜನೆಯ ಹಾಳೆಯನ್ನು ಅವನ ಮುಂದೆ ಸರಿಸಿದಳು. ದನಿ ಏರಿಸದೆ ಕೇಳುವುದನ್ನು ಅವಳು ಶಾಹೀನರಿಂದ ಕಲಿತಿದ್ದಳು. ಕೊನೆಗೆ ಅವನು ತಗ್ಗಿದ ದನಿಯಲ್ಲಿ ಹೇಳಿದ, "ಕೊಟ್ಟಿಲ್ಲ. ತಾರೀಖು ನಂದೇ."

"ಸಿಂಧನೂರಿನ್ಯಾಗೂ ನಿಮ್ದೇ ಇತ್ತು. ಅದನ್ನೂ ಹೇಳ್ರಿ."

ಅವನು ಅದನ್ನೂ ಒಪ್ಪಿಕೊಂಡ.

ಸಂಘ ಅವನನ್ನು ಕೆಲಸದಿಂದ ತೆಗೆಯಿತು. ಆ ಸುದ್ದಿ ಹಬ್ಬಿದ ಮೇಲೆ ಮಸ್ಕಿ, ಲಿಂಗಸುಗೂರುಗಳಲ್ಲಿ ಅವನಿಗೆ ಕೆಲಸ ಕೊಡುವವರು ಉಳಿಯಲಿಲ್ಲ. ಎಲ್ಲರೂ ಹೋದ ಮೇಲೆ ದೊಡ್ಡಬಸಪ್ಪ ಅವಳನ್ನು ತಡೆದು ಕೇಳಿದರು, "ನಿನಗ ಮೊದ್ಲೇ ಗೊತ್ತಿತ್ತೇನವ್ವ?"

"ಗೊತ್ತಿತ್ರಿ."

"ಬೀಜಕ್ಕ ಬಂದಾವ್ರು ಬಿಸಲಾಗ ನಿಂತು ಬರೀ ಕೈಲೆ ವಾಪಸ್ ಹೋದ್ರು. ಅವ್ರು ನಿನಗೇನು ಮಾಡಿದ್ರು?"

ದೊಡ್ಡಬಸಪ್ಪ ಅವಳನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ಅಂದಿನಿಂದ ಅವಳ ಪ್ರತಿ ಯೋಜನೆಯನ್ನೂ ಇನ್ನೊಬ್ಬರಿಗೆ ತೋರಿಸಿಯೇ ಒಪ್ಪುತ್ತಾರೆ. ದೀಪಿಕಾ ಭಾಗ್ಯಶ್ರೀಯನ್ನು ಸಂಘದ ಕೆಲಸಕ್ಕೆ ಕರೆದಳು. "ನಿಮಗ ಗೊತ್ತಿದ್ದೂ ಸುಮ್ನಿದ್ರಿ ಅಕ್ಕ" ಎಂದಷ್ಟೇ ಹೇಳಿ ಆ ಹುಡುಗಿ ಬರಲಿಲ್ಲ.

ಊರಿಗೆ ಹೋದಾಗ ದೀಪಿಕಾ ನಡೆದದ್ದನ್ನೆಲ್ಲ ಅಪ್ಪನಿಗೆ ಹೇಳಿದಳು. ಹನುಮಂತರಾಯ ಟ್ರ್ಯಾಕ್ಟರಿನ ಚಕ್ರಕ್ಕೆ ಹತ್ತಿದ ಕೆಸರು ಕೆರೆಯುತ್ತ ಕೇಳಿಸಿಕೊಂಡ.

"ಎಲ್ಲಾರ ಮುಂದ ಒಪ್ಕೊಂಡನೇನು?"

"ಎಲ್ಲಾರ ಮುಂದ."

ಅವನು ಇನ್ನೊಮ್ಮೆ ಹೇಳು ಎಂದ. ಅವಳು ಮೊದಲಿನಿಂದ ಹೇಳಿದಳು. ದೊಡ್ಡಬಸಪ್ಪ ಕೇಳಿದ ಮಾತನ್ನಷ್ಟೇ ಬಿಟ್ಟು.