ವಿನೋದಾ ಟೀಚರ ಥಾಣೆ ಜಿಲ್ಲೆ

ವಿನೋದಾ ಹೋಗಿ ಇನ್ನೂ ಎರಡು ತಿಂಗಳು ತುಂಬಿಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಕೂರಲು ನನಗೆ ಆಗುತ್ತಿಲ್ಲ. ಪೇಪರು ಬಿಡಿಸುತ್ತೇನೆ, ಮಡಚುತ್ತೇನೆ, ಬಾಲ್ಕನಿಗೆ ಹೋಗಿ ಬರುತ್ತೇನೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಅವಳು ನನ್ನ ಒಂದು ಭಾನುವಾರವನ್ನೂ ಬಿಟ್ಟುಕೊಟ್ಟಿರಲಿಲ್ಲ.

ನಾವಿಬ್ಬರೂ ಡೊಂಬಿವಲಿಯ ಒಂದೇ ಕಟ್ಟಡದವರು. ನಾನು ಬೇಲಾಪುರದ ಕಚೇರಿಗೆ ಹೋಗುವವಳು. ಅವಳು ಹತ್ತಿರದ ಕನ್ನಡ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್. ರೈಲಿನಲ್ಲಿ ಸೀಟು ಸಿಕ್ಕರೂ ಕೂರದೆ ಬಾಗಿಲ ಬಳಿ ನಿಲ್ಲುವ ಹೆಂಗಸು. ಅರ್ಧ ಚಹಾ ಕುಡಿದು ಎದ್ದುಬಿಡುವಳು.

ತರಗತಿಗೆ ಡಿಜಿಟಲ್ ಬೋರ್ಡ್ ಬೇಕೆಂದು ಸ್ಟೇಷನ್ ಪಕ್ಕದ ಹೋಟೆಲಿನ ಯಜ್ಞೇಶ್ವರ ರಾಯರ ಬೆನ್ನುಬಿದ್ದವಳು ಅವಳೇ. ದಿನಾ ಸಂಜೆ ಗಲ್ಲಾದ ಮುಂದೆ ಹೋಗಿ ನಿಲ್ಲುವಳು. "ಟೀಚರೇ, ಮೊದ್ಲು ಕಾಫಿ ಕುಡೀರಿ, ನಿಮ್ಮ ಬೋರ್ಡ್ ಎಲ್ಲೂ ಓಡಿ ಹೋಗುದಿಲ್ಲ" ಎಂದು ರಾಯರು ನಗುವರು. ಕೊನೆಗೆ ಕೊಟ್ಟರು. ಜೊತೆಗೆ ತಾವಾಗಿಯೇ ಬೆಂಗಳೂರಿನಿಂದ ಕನ್ನಡ ಪಾಠಗಳ ಒಂದು ಸೆಟ್ಟನ್ನೂ ತರಿಸಿದರು. ಎಲ್ಲವೂ ಕನ್ನಡದಲ್ಲೇ ಇದೆ ಎಂದು ಆಡಳಿತ ಸಮಿತಿಗೆ ಹಿಗ್ಗು.

ಉದ್ಘಾಟನೆಯ ದಿನ ನಾನೂ ಹೋಗಿದ್ದೆ. 'ನಮ್ಮ ರಾಜ್ಯ, ನಮ್ಮ ಜಿಲ್ಲೆ' ಎಂಬ ಪಾಠ ಹಾಕಿದರು. ಬೋರ್ಡಿನ ತುಂಬ ಕರ್ನಾಟಕದ ನಕ್ಷೆ ಬಣ್ಣಬಣ್ಣವಾಗಿ ಅರಳಿತು. ರಾಯರು ಮುಂದಿನ ಸಾಲಿನ ಅನಘ ಎಂಬ ಹುಡುಗಿಯನ್ನು ಎಬ್ಬಿಸಿ, "ನಿನ್ನ ಜಿಲ್ಲೆ ಯಾವುದು ಮಗಾ?" ಎಂದರು.

"ಉಡುಪಿ!"

ಇಡೀ ಸಭೆ ಚಪ್ಪಾಳೆ ತಟ್ಟಿತು. ರಾಯರ ಕಣ್ಣು ಒದ್ದೆಯಾಯಿತು. ಚಪ್ಪಾಳೆ ನಿಲ್ಲುವ ಮೊದಲೇ ವಿನೋದಾ ಮೈಕಿನಲ್ಲಿ ಹೇಳಿದಳು: "ತಪ್ಪು. ನಮ್ಮ ಜಿಲ್ಲೆ ಥಾಣೆ. ಕೂತ್ಕೋ."

ನಮ್ಮ ಮಕ್ಕಳ ಪುಸ್ತಕದ ಭಾಷೆ ಕನ್ನಡ, ಆದರೆ ಅದು ಮಹಾರಾಷ್ಟ್ರದ ಪುಸ್ತಕ. ಮೂರನೆಯ ತರಗತಿಯವರು ಓದಬೇಕಾದದ್ದು ಥಾಣೆ ಜಿಲ್ಲೆಯನ್ನು. ಅದು ಮಾರಿದವರಿಗೆ ಗೊತ್ತಿರಲಿಲ್ಲ, ಕೊಂಡವರಿಗೆ ಹೊಳೆದಿರಲಿಲ್ಲ.

"ಸ್ಟೇಜಲ್ಲೇ ಹೇಳ್ಬೇಕಿತ್ತಾ?" ರಾಯರು ಆಮೇಲೆ ಹೊರಗೆ ಕೇಳಿದರು. "ಊರಿನ ಹೆಸರು ಹೇಳಿತು ಮಗು. ಅದೇನು ಗುನ್ಹಾ ಮಾಡಿತಾ?"

"ನಾನೂ ಆ ಊರಿನವಳೇ ರಾಯರೇ. ಅವಳು ಅಲ್ಲಿಗೆ ಹೋಗುದು ಮೇ ತಿಂಗಳಲ್ಲಿ. ಬಾಕಿ ಇಡೀ ವರ್ಷ ಇರುದು ಎಲ್ಲಿ?"

"ಹಾಗಾದ್ರೆ ಥಾಣೆಯ ಪಾಠ ಯಾರು ಮಾಡಿಕೊಡ್ತಾರೆ, ನಿಮ್ಮ ಮಾವನಾ?"

"ನಾನೇ ಮಾಡ್ತೇನೆ."

"ದೀವಾಳಿ ರಜೆ ಮುಗಿದ ಮೊದಲ ದಿನ ಬರ್ತೇನೆ, ತೋರಿಸಿ. ಇಲ್ಲಾಂದ್ರೆ ಬೋರ್ಡ್ ಮೇಲಿನ ಮಾಳಿಗೆಗೆ. ಅಲ್ಲಿನ ಇಂಗ್ಲಿಷ್ ಮೀಡಿಯಂನವರು ಆಗಲೇ ಕೇಳ್ತಾ ಇದ್ದಾರೆ."

ಅಂದಿನಿಂದ ಶುರುವಾಯಿತು. ಭಾನುವಾರ ಬೆಳಗಾದರೆ ಮೆಟ್ಟಿಲ ಕೆಳಗಿನಿಂದ "ಬಲ ಮಾರಾಯ್ತಿ!" ಎಂದು ತುಳುವಿನಲ್ಲಿ ಕೂಗಿ ಕರೆಯುವಳು. ಅವಳ ಕೈಯಲ್ಲಿ ಫೋನು, ನನ್ನ ಕೈಯಲ್ಲಿ ಅವಳ ಮೇಲೆ ಹಿಡಿಯಲು ಕೊಡೆ. ಅಂಬರನಾಥದ ಶಿವಾಲಯದ ಕಪ್ಪು ಕಲ್ಲುಗಳನ್ನು ಮಳೆಯಲ್ಲೇ ಚಿತ್ರೀಕರಿಸಿದಳು. ಉಲ್ಹಾಸ್ ನದಿಯನ್ನು ಒಂದು ಸಲ ತೆಗೆದು, ನೀರು ಸರಿಯಾಗಿ ಕಾಣಲಿಲ್ಲವೆಂದು ಇನ್ನೊಮ್ಮೆ ಎಳೆದೊಯ್ದಳು. ಮಹಾಪೆಯಲ್ಲಿ ಗಾಜಿನ ಕಟ್ಟಡದ ಮುಂದೆ ಕಾವಲುಗಾರ ತಡೆದ. "ಶಾಳೇಸಾಠಿ ಆಹೇ ದಾದಾ, ಮಕ್ಕಳ ಪಾಠಕ್ಕೆ" ಎಂದು ಅರ್ಧ ಮರಾಠಿಯಲ್ಲಿ ಗೋಗರೆದಳು. ಅವನು ಟೋಪಿ ಸರಿಮಾಡಿಕೊಂಡು, ಹಾಗಾದರೆ ನನ್ನನ್ನೂ ತೆಗೆಯಿರಿ ಎಂದ. ಪಾಠದಲ್ಲಿ ಅವನೂ ಇದ್ದಾನೆ.

ದನಿ ಮಾತ್ರ ಮಕ್ಕಳದ್ದೇ ಆಗಬೇಕೆಂದು ಅವಳ ಹಟ. ಚಿತ್ರವನ್ನು ಬೋರ್ಡಿನಲ್ಲಿ ಮೂಕವಾಗಿ ಓಡಿಸಿ, ನೋಡುತ್ತ ಹೇಳಲು ಬಿಡುವಳು. ಅನಘ ಹೇಳಿದ್ದನ್ನು ನಾನೇ ಕೇಳಿದ್ದೇನೆ: "ಯೇ ನಮ್ಮ ನದಿ ಹೈ, ಇದರದು ಪಾಣಿ ನಮ್ಮ ನಲ್ಲಿಗೆ ಆತಾ ಹೈ." ಮಕ್ಕಳು ಬಿದ್ದು ಬಿದ್ದು ನಕ್ಕವು. ವಿನೋದಾ ನಗಲಿಲ್ಲ, ಬೈಯಲಿಲ್ಲ. ರೆಕಾರ್ಡ್ ಆದದ್ದನ್ನು ಹಾಕಿ, ತಡೆದು ನಿಲ್ಲಿಸಿ, "ಪಾಣಿಗೆ ಏನನ್ನೋಣ?" ಎಂದು ತರಗತಿಯನ್ನೇ ಕೇಳುವಳು. ಒಂದೊಂದೇ ಪದ ಬದಲಾಗುತ್ತ ಹೋಗುವುದು. ಮತ್ತೆ ರೆಕಾರ್ಡ್.

ಸಮಿತಿಯ ಜಯಶೀಲ ಒಮ್ಮೆ ಇಣುಕಿ, "ಎಂಥ ಕನ್ನಡ ಟೀಚರೇ ಇದು! ಕೇಳಿದ್ರೆ ತಲೆನೋವು ಬರ್ತದೆ" ಎಂದರು.

"ಇದು ಮೊದಲನೇ ಸಲದ್ದು. ಮಾತ್ರೆ ತಗೊಂಡು ಕೂತ್ಕೊಳ್ಳಿ, ಮೂರನೇ ಸಲದ್ದು ಕೇಳಿ."

ದೀಪಾವಳಿಯ ಹಿಂದಿನ ವಾರ ಅವಳಿಗೆ ಜ್ವರ ಬಂತು. ಮಾತ್ರೆ ನುಂಗಿ ಶಾಲೆಗೆ ಹೋದಳು. ಡೆಂಗ್ಯೂ ಎಂದು ತಿಳಿಯುವಷ್ಟರಲ್ಲಿ ತಡವಾಗಿತ್ತು. ಕಲ್ಯಾಣದ ಆಸ್ಪತ್ರೆಯಲ್ಲಿ ಸಲೈನಿನ ಕೈಯನ್ನೂ ಸುಮ್ಮನೆ ಇಡಲಿಲ್ಲ. "ಪಾಠ ಅರ್ಧವೇ ಆಗಿದೆ. ಆದ್ರೂ ರಾಯರು ಬರುವ ದಿನ ಮುಂದೆ ಹಾಕುದು ಬೇಡ ಅಂತ ಹೇಳು. ಮುಂದೆ ಹಾಕಿದ್ರೆ ಬೋರ್ಡ್ ಮೇಲೆ ಹೋಗ್ತದೆ" ಎಂದಳು. ನನ್ನೊಂದಿಗೆ ಅವಳು ಆಡಿದ ಕೊನೆಯ ಮಾತು ಅದು. ಹಬ್ಬದ ಮರುದಿನ ಅವಳು ಇರಲಿಲ್ಲ.

ಸಮಿತಿ ಕಾರ್ಯಕ್ರಮವನ್ನು ಮುಂದೂಡಲು ಹೊರಟಿತು. ನಾನು ಬೇಡವೆಂದೆ. ಯಾಕೆಂದು ಕೇಳಿದರು, ಹೇಳಿದೆ. ದಿನ ಹಾಗೆಯೇ ಉಳಿಯಿತು.

ರಾಯರು ಬಂದು ಮಕ್ಕಳ ಬೆಂಚಿನಲ್ಲೇ ಕೂತರು. ನದಿ ಬಂತು. "ಇದು ನಮ್ಮ ಉಲ್ಹಾಸ್ ನದಿ. ಇದರ ನೀರು ನಮ್ಮ ನಲ್ಲಿಗೆ ಬರುತ್ತದೆ" ಎಂದು ಅನಘಳ ದನಿ. ರಾಯರು ಮುಂದಕ್ಕೆ ಬಾಗಿದರು.

"ನಮ್ಮ ಹೋಟೆಲಿಗೂ ಇದೇ ನೀರಾ?"

"ಹೌದು ಅಂಕಲ್, ಸೇಮ್ ನದಿ," ಎಂದಳು ಅನಘ. "ನಿಮ್ಮ ಸಾಂಬಾರ್ ಭೀ."

ಮಕ್ಕಳು ನಕ್ಕವು. ರಾಯರೂ ನಗಲು ಹೋದರು, ಆಗಲಿಲ್ಲ. "ಹುಡುಗ ಆಗಿದ್ದಾಗ ಬಂದವ ನಾನು. ಇಷ್ಟು ವರ್ಷ ಇದರ ಹೆಸರೂ ಕೇಳಿಲ್ಲ ನೋಡಿ" ಎಂದು ಕನ್ನಡಕ ತೆಗೆದು ಒರೆಸಿದರು. ಅರ್ಧಕ್ಕೇ ನಿಂತ ಪಾಠಗಳನ್ನೂ ಪೂರ್ತಿ ನೋಡಿದರು. ಎದ್ದು, "ಬೋರ್ಡ್ ಇಲ್ಲೇ ಇರ್ಲಿ" ಎಂದರು. ಎಲ್ಲರತ್ತ ತಿರುಗಿ ಕೇಳಿದರು: "ಉಳಿದದ್ದನ್ನು ಯಾರು ಮಾಡ್ತೀರಿ?"

ಅವಳ ಜಾಗಕ್ಕೆ ಬಂದ ರಮಿತಾ ಟೀಚರ್ ಸೆರಗು ಹಿಂಡುತ್ತ ನಿಂತಿದ್ದರು. "ನಂಗ ಥಾಣಾ ಏನೂ ಗೊತ್ತಿಲ್ರಿ. ನಾ ಸೊಲ್ಲಾಪುರದಾಕಿ."

"ಹಮ್ ತೋರಿಸ್ತೇವೆ ಟೀಚರ್!" ಎಂದು ಹಿಂದಿನ ಬೆಂಚು ಕೂಗಿತು. ಯಾರು ಫೋನ್ ಹಿಡಿಯುವುದು, ಮೊದಲು ಎಲ್ಲಿಗೆ ಹೋಗುವುದು ಎಂದು ಅಲ್ಲೇ ಜಗಳ ಶುರುವಾಯಿತು. ರಮಿತಾ ತಡೆಯಲಿಲ್ಲ.

ನಾನು ಚಹಾಕ್ಕೆ ನಿಲ್ಲದೆ ಇಳಿದುಬಂದೆ. ಬೋರ್ಡ್ ಉಳಿಯಿತು ಎಂದು ಓಡಿಹೋಗಿ ಯಾರಿಗಾದರೂ ಹೇಳಬೇಕೆನಿಸಿತು. ಹೇಳಬೇಕಾದವಳು ಒಬ್ಬಳೇ ಇದ್ದಳು. ಸ್ಟೇಷನ್ನಿನವರೆಗೆ ನಡೆದೆ, ಎಲ್ಲಿಗೂ ಟಿಕೆಟ್ ತೆಗೆಯದೆ ತಿರುಗಿ ನಡೆದೆ.