ಅಪ್ಪ ಅಚ್ಚು ಹಾಕಿದ ಕಾರ್ಡಿಗೆ ಬಂದ ಅಂಕ

ನಮ್ಮಪ್ಪ ತುಮಕೂರಿನ ಒಂದು ಪ್ರೆಸ್ಸಿನಲ್ಲಿ ಆಫ್‌ಸೆಟ್ ಮಷೀನ್ ಓಡಿಸುತ್ತಿದ್ದರು. ಮದುವೆ ಪತ್ರಿಕೆ, ಕ್ಯಾಲೆಂಡರ್, ಊದುಬತ್ತಿ ಪೊಟ್ಟಣದ ಲೇಬಲ್ಲು, ಇವೇ ಅವರ ದಿನದ ಕೆಲಸ. ತೊಂಬತ್ತರ ದಶಕದ ಮೊದಲಲ್ಲಿ ಒಮ್ಮೆ ಚೂಯಿಂಗ್ ಗಮ್ ಮಾಡುವವರೊಬ್ಬರ ಕೆಲಸ ಬಂತು. ಪ್ರತಿ ಪೊಟ್ಟಣದೊಳಗೂ ಒಬ್ಬ ಕ್ರಿಕೆಟ್ ಆಟಗಾರನ ಚಿತ್ರದ ಕಾರ್ಡು. ಒಂದೇ ಸಲ ಅಚ್ಚಾದ ಕಾರ್ಡುಗಳು ಅವು. ಗಮ್ ಯಾರಿಗೂ ರುಚಿಸಲಿಲ್ಲವೋ ಏನೋ, ಮುಂದಿನ ವರ್ಷಕ್ಕೆಲ್ಲ ಅಂಗಡಿಗಳಿಂದ ಕಾಣೆಯಾಯಿತು.

ಕೆಲಸ ಮುಗಿದ ದಿನ ಅಪ್ಪ ನನಗೊಂದು ಕಟ್ಟು ತಂದುಕೊಟ್ಟರು. ಶಾಲೆಯಲ್ಲಿ ಅದಲುಬದಲು ಆಡುತ್ತ ಹೆಚ್ಚಿನವನ್ನು ಕಳೆದೆ. ಒಂಬತ್ತು ಉಳಿದವು. ಅದರಲ್ಲೊಂದು, ಆಗಷ್ಟೇ ತಂಡಕ್ಕೆ ಬಂದಿದ್ದ ಹೊಸ ಹುಡುಗನದು. ಅವನು ಮುಂದೆ ದೊಡ್ಡ ಆಟಗಾರನಾದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದೆ, ತುಮಕೂರಿನ ಅಂಚಿನ ಮರಳೂರಿನ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಅಪ್ಪ ಕೆಲಸ ಬಿಟ್ಟಿದ್ದರು. ಶುಗರ್ ಅವರ ಬಲಗಣ್ಣನ್ನು ಪೂರ್ತಿ ತಿಂದಿತ್ತು, ಎಡಗಣ್ಣಿನಲ್ಲಿ ಬೆಳಕು, ನೆರಳು ಇಷ್ಟೇ ಉಳಿದಿತ್ತು. ದಿನವಿಡೀ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಅವರಿಗೆ ಏನಾದರೂ ಸಂತೋಷದ ಸುದ್ದಿ ತಂದು ಕೊಡಬೇಕೆಂಬ ಆಸೆ ನನಗೆ. ತುಮಕೂರಿನದೇ ಬಟವಾಡಿಯ ಬ್ರೌಸಿಂಗ್ ಸೆಂಟರಿನಲ್ಲಿ ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಳೆಯ ಕಾರ್ಡುಗಳನ್ನು ಹೊರದೇಶಕ್ಕೆ ಕಳಿಸಿದರೆ ಅಲ್ಲಿ ಪರೀಕ್ಷೆ ಮಾಡಿ, ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ ವಾಪಸು ಕಳಿಸುತ್ತಾರಂತೆ. ನನ್ನ ಬಳಿಯಿದ್ದ ಆ ಹೊಸ ಹುಡುಗನ ಕಾರ್ಡಿನ ಬಗ್ಗೆ ಇಂಟರ್‌ನೆಟ್ಟಿನಲ್ಲಿ ಬರೆದು ಹಾಕಿದೆ. ಬೆಂಗಳೂರಿನ ಒಬ್ಬರು ಉತ್ತರ ಬರೆದರು. ಅವರು ಇಂಥ ಕಾರ್ಡುಗಳನ್ನು ಕೂಡಿಡುವವರು. ಒಂದು ಭಾನುವಾರ ಮನೆಗೇ ಬಂದರು.

ಮೇಜಿನ ಮೇಲೆ ಕರ್ಚೀಫು ಹಾಸಿ ಕಾರ್ಡನ್ನು ಅಂಚಿನಿಂದಷ್ಟೇ ಹಿಡಿದು ಇಟ್ಟರು. ಭೂತಗನ್ನಡಿ ತೆಗೆದರು.

"ಮೂಲೆ ನಾಲ್ಕೂ ಚೂಪಾಗಿವೆ ಸರ್. ಅಂಚು ಸವೆದಿಲ್ಲ. ಚಿತ್ರ ಸರಿಯಾಗಿ ನಡುವೆ ಕೂತಿದೆ," ಎಂದರು. ನನ್ನ ಎದೆ ಉಬ್ಬಿತು. ಆಮೇಲೆ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದರು. "ಆದ್ರೆ ಇಲ್ನೋಡಿ."

ಆಟಗಾರನ ಭುಜದ ಬಳಿ ಸಾಸಿವೆಗಿಂತ ಚಿಕ್ಕ ಚುಕ್ಕೆ, ಅದರ ಸುತ್ತ ಬಿಳಿ ಬಳೆ. ತುಟಿಯ ಕೆಂಪು, ತುಟಿಯ ಗೆರೆಯಿಂದ ಒಂದು ಕೂದಲಷ್ಟು ಆಚೆ ಸರಿದಿತ್ತು. ಕೆಳಗಡೆ, ಹಸಿರು ಮೈದಾನದ ಮೇಲೆ, ಹಳದಿ ತಿರುಗಿದ ಒಂದು ಹೆಬ್ಬೆಟ್ಟಿನ ಕಲೆ.

"ಚುಕ್ಕೆ, ಬಣ್ಣ ಸರಿದಿರೋದು, ಇವೆಲ್ಲ ಪ್ರೆಸ್ಸಲ್ಲೇ ಆಗಿರೋದು. ನಿಮ್ಮ ತಪ್ಪಲ್ಲ, ಆದ್ರೂ ಅಂಕ ಕಡಿತಾರೆ. ಮುಖದಿಂದ ದೂರ ಇದ್ರೆ ಸ್ವಲ್ಪ ಕ್ಷಮಿಸ್ತಾರೆ. ತುಟಿ ಮೇಲಿದೆ ನೋಡಿ, ಅದೇ ಕಷ್ಟ. ಈ ಹೆಬ್ಬೆಟ್ಟಿನ ಕಲೆ ಆಮೇಲೆ ಆಗಿರೋದು. ಹಿಂದ್ಗಡೆ ಆಗಿದ್ರೆ ಪರವಾಗಿರ್ಲಿಲ್ಲ, ಚಿತ್ರದ ಮೇಲೇ ಆಗಿದೆ. ಮೂಲೆ ಎಷ್ಟೇ ಚೂಪಾಗಿರ್ಲಿ, ಇದು ಮೇಲಕ್ಕೆ ಹೋಗಲ್ಲ."

"ಹತ್ತೀಲಿ ಮೆಲ್ಲಗೆ ಒರೆಸಿದ್ರೆ?"

"ಅಯ್ಯೋ, ಮುಟ್ಬೇಡಿ! ಒರೆಸಿರೋದು ಬೆಳಕಲ್ಲಿ ಗೊತ್ತಾಗುತ್ತೆ. ತಿದ್ದಿದ್ದಾರೆ ಅಂತ ಅಂಕವೇ ಕೊಡದೆ ವಾಪಸ್ ಕಳಿಸ್ತಾರೆ."

ಬಾಗಿಲ ಕಡೆಯಿಂದ ಅಪ್ಪನ ದನಿ ಬಂತು. "ಚುಕ್ಕೆ ಎಡಭುಜದ ಮ್ಯಾಲೈತಾ?"

ಬಂದವರು ತಿರುಗಿ ನೋಡಿದರು. "ಹೌದು ಸರ್. ನಿಮಗೆ ಹೇಗೆ ಗೊತ್ತಾಯ್ತು?"

"ಹೊಡ್ದೋನು ನಾನೇ ಅಲ್ವಾ," ಎಂದರು ಅಪ್ಪ. "ಬ್ಲಾಂಕೆಟ್ ಹೋಗಿತ್ತು. ಅದೇ, ಮಷೀನ್ ಒಳಗಿನ ರಬ್ಬರ್ ಹಾಳೆ. ಓನರ್‌ಗೆ ಎರಡು ಸಲ ಹೇಳ್ದೆ, ಈ ಕೆಲ್ಸ ಇದ್ರಲ್ಲೇ ಮುಗ್ಸು ಅಂದ್ರು. ಮಷೀನ್ ನಿಲ್ಸಿ ಒರ್ಸೋದು, ಒಂದಷ್ಟು ಶೀಟ್ ಆಗ್ತಿದ್ದಂಗೆ ಅದೇ ಜಾಗ್ದಲ್ಲಿ ಧೂಳು ಕೂತು ಮತ್ತೆ ಚುಕ್ಕೆ. ಏನ್ಮಾಡ್ಲಿ?" ಆಮೇಲೆ, "ಆ ಹೆಬ್ಬೆಟ್ಟೂ ನಂದೇ ಇರ್ಬೇಕು. ಅವತ್ತು ಕೈ ತೊಳ್ಕಂಡಿರ್ಲಿಲ್ಲ ಅನ್ಸುತ್ತೆ," ಎಂದರು.

ಅದು ಅವರದಲ್ಲ. ನನಗೆ ಚೆನ್ನಾಗಿ ನೆನಪಿತ್ತು. ನಿಪ್ಪಟ್ಟು ತಿಂದ ಕೈಯಲ್ಲಿ ಹಿಡಿದು, ಎಣ್ಣೆ ಹತ್ತಿದ್ದನ್ನು ಕಂಡು, ಚಡ್ಡಿಗೆ ಉಜ್ಜಿ ಇನ್ನಷ್ಟು ಹರಡಿದವನು ನಾನೇ. ಹೇಳಲು ಬಾಯಿ ತೆರೆದೆ. ಹೊರಗಿನವರ ಮುಂದೆ ಮಾತು ಬರಲಿಲ್ಲ. ಅವರು ಹೋದ ಮೇಲೂ ಬರಲಿಲ್ಲ. ಅಪ್ಪ ಬದುಕಿರುವವರೆಗೂ ಬರಲಿಲ್ಲ.

ಕಳಿಸುವುದು ಬೇಡವೆಂದೆ ನಾನು. ಅಪ್ಪ ಕೇಳಲಿಲ್ಲ. "ಕಳ್ಸು. ಎಷ್ಟು ಕೊಡ್ತಾರೆ ನೋಡಣ," ಎಂದರು. ಆ ಬೆಂಗಳೂರಿನವರ ಮೂಲಕವೇ ಕಳಿಸಿದೆ.

ನಾಲ್ಕೈದು ತಿಂಗಳಾದ ಮೇಲೆ ಬೆಂಗಳೂರಿನಿಂದ ಕೊರಿಯರ್ ಕಾಲೇಜಿಗೇ ಬಂತು. ಡಬ್ಬಿ ತೆರೆದೆ. ಪ್ಲಾಸ್ಟಿಕ್ಕಿನ ತಲೆಯಲ್ಲಿ ನಾಲ್ಕು ಎಂದು ಅಚ್ಚಾಗಿತ್ತು. ಗುಬ್ಬಿಯಿಂದ ಮನೆ ಮುಟ್ಟುವವರೆಗೂ ಏನು ಹೇಳಲಿ ಎಂದೇ ಯೋಚಿಸಿದೆ. ಮನೆಯಲ್ಲಿ ಅದನ್ನು ಅಪ್ಪನ ಕೈಗಿಟ್ಟೆ. ಅವರು ಪ್ಲಾಸ್ಟಿಕ್ಕನ್ನು ಎಲ್ಲ ಕಡೆ ಸವರಿದರು. ಒಳಗಿನ ಕಾಗದ ಬೆರಳಿಗೆ ಸಿಗದು ಎಂದು ಗೊತ್ತಾದ ಮೇಲೆ ಸುಮ್ಮನೆ ತೊಡೆಯ ಮೇಲಿಟ್ಟುಕೊಂಡರು.

"ಎಷ್ಟು ಕೊಟ್ಟವ್ರೆ?"

"ಎಂಟು ಕಣಪ್ಪ."

ಅವರು ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. "ಸುಳ್ಳು ಹೇಳ್ಬ್ಯಾಡ ಕಣ್ಲಾ. ಆ ಶೀಟಿಗೆ ಎಂಟು ಕೊಡೋನು ನನಗಿಂತ ಕುರುಡ."

"ನಾಲ್ಕು," ಎಂದೆ.

"ಹಂಗನ್ನು." ಅವರು ತಲೆಯಾಡಿಸಿದರು. ಬೇಜಾರಾಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಆದರೆ ಅಂದಿನಿಂದ ಅವರ ಮನಸ್ಸು ಆ ಅಂಕದಲ್ಲೇ ಸಿಕ್ಕಿಕೊಂಡಿತು. ಊಟಕ್ಕೆ ಕೂತರೆ ಅದೇ ಮಾತು. ಒಂದು ವಾರದ ಮೇಲೆ ಒಂದು ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು ಹೇಳಿದರು: "ಕೊನೇ ದಿನ ಓನರ್ ಅಂತೂ ಒಪ್ಪಿ ಹೊಸಾ ಬ್ಲಾಂಕೆಟ್ ಹಾಕ್ಸಿದ್ರು ಕಣ್ಲಾ. ಅದ್ರಲ್ಲಿ ಹೊಡ್ದಿದ್ದು ಒಂದೂ ಕೆಟ್ಟಿರ್ಲಿಲ್ಲ. ಆ ಕಟ್ಟನ್ನ ಕುಣಿಗಲ್ ಅತ್ತೆ ಮನೇಗೆ ಕೊಟ್ಟಿದ್ದೆ. ಅದ್ನ ಕಳ್ಸಣ."

ಇಷ್ಟು ವರ್ಷದ ಮೇಲೆ ಎಲ್ಲಿರುತ್ತವೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಭಾನುವಾರ ಅವರನ್ನು ಕೈ ಹಿಡಿದು ಬಸ್ ಹತ್ತಿಸಿದೆ.

ಅತ್ತೆ, ಅಪ್ಪನ ತಂಗಿ, ನಮ್ಮನ್ನು ಕಂಡು ಅಡುಗೆಮನೆಯಿಂದ ಓಡಿಬಂದರು. ಕಾರ್ಡಿನ ಮಾತೆತ್ತಿದ ಕೂಡಲೇ ಅವರ ಮುಖ ಚಿಕ್ಕದಾಯಿತು. "ಅಯ್ಯೋ ಅಣ್ಣ, ಅವನ್ನ ಹುಡುಗ್ರು ಆವಾಗ್ಲೇ ಗೋಡೆಗೆ ಅಂಟಿಸ್ಬಿಟ್ಟವಲ್ಲ. ಅದ್ರ ಮ್ಯಾಲೆ ಎಷ್ಟು ಸಲ ಸುಣ್ಣ ಹೊಡ್ದಿದೀವೋ."

ನಡುಮನೆಯ ಗೋಡೆಗೆ ಅಪ್ಪನನ್ನು ಕರೆದುಕೊಂಡು ಹೋದೆ. ನನ್ನ ಕಣ್ಣಿಗೆ ಬರೀ ಬಿಳಿ ಗೋಡೆ. ಅಪ್ಪ ಎರಡೂ ಅಂಗೈ ಇಟ್ಟು ಸವರುತ್ತ ಹೋದರು. ಎದೆಮಟ್ಟದಲ್ಲಿ ಅವರ ಬೆರಳು ನಿಂತವು. "ಇಲ್ಲೇ ಅವೆ. ಸಾಲಾಗವೆ," ಎಂದರು. ದನಿಯಲ್ಲಿ ಎಂಥದೋ ಹುರುಪು. ಒಂದೊಂದೇ ಕಾರ್ಡಿನ ಅಂಚನ್ನು ಉಗುರಿನಿಂದ ಗುರುತಿಸುತ್ತ ಎಣಿಸಿದರು.

ಅತ್ತೆ ಬಿಸಿನೀರು ತಂದು ಬಟ್ಟೆ ಅದ್ದಿ ಒಂದರ ಮೇಲೆ ಒತ್ತಿ ಹಿಡಿದರು. ಸುಣ್ಣ ನೆನೆದು ಹೊಪ್ಪಳೆಯಾಗಿ ಎದ್ದಿತು, ಅದರ ಜೊತೆಗೇ ಚಿತ್ರವೂ ಎದ್ದು ಬಂತು. ಅತ್ತೆಯ ಅಂಗೈಯಲ್ಲಿ ಬಣ್ಣದ ಕೆಸರು. ಗೋಡೆಯಲ್ಲಿ ಅನ್ನದ ಅಂಟಿಗೆ ಹಿಡಿದ ಒರಟು ರಟ್ಟು.

"ಬಂತಾ?" ಎಂದರು ಅಪ್ಪ.

ಅತ್ತೆ ನನ್ನ ಮುಖ ನೋಡಿದರು.

"ಬರ್ತಾ ಇಲ್ಲ ಕಣಣ್ಣ," ಎಂದು ಅವರು ಅತ್ತೇಬಿಟ್ಟರು. ಇನ್ನೊಂದನ್ನು ನೋಡುತ್ತೇನೆಂದು ಮತ್ತೆ ಬಟ್ಟೆ ಅದ್ದಿದರು. ಅಪ್ಪ ಗಾಳಿಯಲ್ಲಿ ತಡಕಾಡಿ ಅವರ ಕೈ ಹಿಡಿದು ನಿಲ್ಲಿಸಿದರು.

"ಬುಡವ್ವ, ಬುಡು. ಗೋಡೆ ಕಿತ್ತೋಗ್ತದೆ."

ಮಧ್ಯಾಹ್ನ ಅತ್ತೆ ಮುದ್ದೆ, ಅವರೆಕಾಳಿನ ಸಾರು ಬಡಿಸಿದರು. ಅಪ್ಪ ಇನ್ನೊಂದು ಮುದ್ದೆ ಹಾಕಿಸಿಕೊಂಡರು, ಸಾರು ಚೆನ್ನಾಗಿದೆ ಎಂದರು. ಮತ್ತೆಂದೂ ಕಾರ್ಡಿನ ಮಾತೆತ್ತಲಿಲ್ಲ. ಅದನ್ನು ಮರೆತರೋ, ನನಗೆ ನೋವಾಗದಿರಲೆಂದು ಸುಮ್ಮನಾದರೋ, ಕೇಳುವ ಧೈರ್ಯ ನನಗಾಗಲಿಲ್ಲ.