ಸಾಕ್ಷಿಗೆ ಒಯ್ದ ಸೀರೆ

೧೯೭೯ರಲ್ಲಿ ಏಳನೇ ತರಗತಿಗೆ ಓದು ನಿಲ್ಲಿಸಿ ಮೊಳಕಾಲ್ಮೂರಿನ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟೆ. ಮುಂದಿನ ಇಪ್ಪತ್ತೆರಡು ವರ್ಷ ನನ್ನ ರೇಷ್ಮೆ ಸೀರೆಯಲ್ಲಿ ಒಂದೆಳೆ ಸಡಿಲವಿದೆ ಎಂದು ಯಾರೂ ಹೇಳಿರಲಿಲ್ಲ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ. ಜಂಬವೂ ಸ್ವಲ್ಪ ಇದೆ.

ಇಪ್ಪತ್ಮೂರನೇ ವರ್ಷ ಚಳ್ಳಕೆರೆಯ ವರ್ತಕರ ಸಂಘವೊಂದು ಅರ್ಧ ದರದಲ್ಲಿ ಕಾಮಾಲೆಯ ಲಸಿಕೆ ಹಾಕಿಸುವ ಶಿಬಿರ ನಡೆಸಿತು. ಅವಸರದಲ್ಲಿದ್ದ ಡಾಕ್ಟರು ನನ್ನ ಎಡತೋಳು ಬಿಟ್ಟು ಭುಜದ ಕೀಲಿಗೇ ಸೂಜಿ ಇಳಿಸಿದರು. ಎರಡು ದಿನ ನೋವಿರುತ್ತದೆ ಅಂದರು. ಎರಡು ತಿಂಗಳಾದರೂ ಅಂಗಿ ತೊಡಿಸಲು ಹೆಂಡತಿ ಬೇಕಾಗಿತ್ತು. ದಾವಣಗೆರೆಯ ಮೂಳೆ ಡಾಕ್ಟರು, ಚುಚ್ಚಿದ ಜಾಗ ತಪ್ಪಿ ಕೀಲು ಬಿಗಿದಿದೆ, ಆರು ತಿಂಗಳು ಮಗ್ಗ ಮುಟ್ಟದೆ ವ್ಯಾಯಾಮ ಮಾಡಿದರೆ ಕೈ ಬರುತ್ತದೆ, ಇಲ್ಲದಿದ್ದರೆ ಹೀಗೇ ನಿಲ್ಲುತ್ತದೆ ಎಂದು ಚೀಟಿ ಬರೆದರು. ಆರು ತಿಂಗಳು ಏನು ತಿನ್ನಬೇಕೆಂದು ಬರೆಯಲಿಲ್ಲ. ಅದಕ್ಕೇ ಪರಿಹಾರ ಕೇಳಿ ವಕೀಲರಿಂದ ನೋಟಿಸ್ ಕೊಡಿಸಿದೆ.

ಸಂಘದ ಅಧ್ಯಕ್ಷರು ಹಿರಿಯ ಬಟ್ಟೆ ವ್ಯಾಪಾರಿ. ಕೋರ್ಟು ಬೇಡ, ಅಂಗಡಿಗೆ ಬನ್ನಿ, ಕೂತು ಮುಗಿಸೋಣ ಎಂದು ಹೇಳಿ ಕಳಿಸಿದರು. ವಕೀಲರು ನನಗೆ, "ಲಸಿಕೆ ಆದ್ಮೇಲೆ ನೇಯ್ದ ಸೀರೆ ತಗೊಂಡು ಬಾ. ನೇಯ್ಗೆ ಕೆಟ್ಟಿರ್ತೈತಲ್ಲ, ಅದೇ ಸಾಕ್ಷಿ" ಅಂದರು.

ಇಲ್ಲೇ ನಾನು ಎಡವಿದೆ. ಕೆಟ್ಟ ನೇಯ್ಗೆಯ ಸೀರೆ ನನ್ನ ಮನೆಯಲ್ಲಿರಲಿಲ್ಲ. ಅಡ್ಡ ನೂಲನ್ನು ಬಡಿದು ಕೂರಿಸುವ ಹಲಗೆಯನ್ನು ಎಡಗೈಯಿಂದ ಎಳೆಯಬೇಕು. ಆ ಕೈ ಬಾರದೆ ಹೋದಾಗ ಬಾಗಿಲು ಹಾಕಿಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನೇಯ್ದಿದ್ದೆ. ಅಡ್ಡ ನೂಲು ಓಡಿಸುವ ಲಾಳಿಯ ಹಗ್ಗ ನನ್ನದು, ಹಲಗೆ ಅವಳದು. ಇದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ವಕೀಲರಿಗೂ. ಹಾಗೆ ನೇಯ್ದ ಸೀರೆಯನ್ನೇ ಬಗಲಿಗಿಟ್ಟುಕೊಂಡು, ವಕೀಲರು ಮತ್ತು ಹೆಂಡತಿಯ ಜೊತೆ ಹೋದೆ.

ಅಂಗಡಿಯಲ್ಲಿ ಸೂಜಿ ಹಾಕಿದ ಡಾಕ್ಟರೂ ಕೂತಿದ್ದರು. ಅಧ್ಯಕ್ಷರು ಸೀರೆ ಬಿಡಿಸಿ ಹೆಬ್ಬೆರಳಿನಿಂದ ಉಜ್ಜಿ ನೋಡಿದರು. "ಏನಪ್ಪಾ, ಇದು ಕೈ ಬಾರದೋನು ನೇಯ್ದ ಸೀರೇನಾ? ನಾನೇ ತಗೊಂತೀನಿ, ರೇಟು ಹೇಳು."

ಡಾಕ್ಟರು ನಕ್ಕರು. "ನಾನು ಚುಚ್ಚಿದ್ಮೇಲೆ ನೇಯ್ಗೆ ಸುಧಾರಿಸೈತೆ. ಅದಕ್ಕೂ ಫೀಸು ತಗೋಬೇಕಿತ್ತು."

ವಕೀಲರು ನನ್ನ ಮುಖ ನೋಡಿದರು. ನಾನು ಫ್ಯಾನು ನೋಡಿದೆ.

"ಹೇಳ್ರಿ," ಅಂದಳು ಹೆಂಡತಿ.

"ಏನು ಹೇಳಾದು?"

"ನೀವು ಹೇಳ್ತೀರೋ, ನಾನು ಹೇಳ್ಲೋ?"

ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತಿತ್ತು, ಕೈ ಹೋಗುತ್ತಿತ್ತು.

"ಬಡಿದಿದ್ದು ಇವಳು ಸ್ವಾಮಿ," ಅಂದೆ. "ನಂದು ಬಲಗೈ ಒಂದೇ."

"ಹೆಂಡ್ತೀನ ಕರ್ಕೊಂಡು ಬಂದು ಹಂಗಂದ್ರೆ ಆತಾ?" ಅಂದರು ಡಾಕ್ಟರು.

ಅವಳು ಉಟ್ಟ ಸೀರೆಯ ಸೆರಗನ್ನು ಎಳೆದು ಆ ಸೀರೆಯ ಪಕ್ಕಕ್ಕೆ ಹಿಡಿದಳು. "ಇದು ಸೂಜಿಗಿಂತ ಮೊದ್ಲು ಇವ್ರೊಬ್ರೇ ನೇಯ್ದಿದ್ದು. ನೋಡ್ರಿ ಯಜಮಾನ್ರೆ, ಎರಡೂ ಒಂದೇ ಕೈನಾ?"

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ಉಗುರಿನಿಂದ ಎಳೆ ಎಣಿಸಿದರು, ಅದರಲ್ಲೊಮ್ಮೆ, ಇದರಲ್ಲೊಮ್ಮೆ.

"ಬೇರೆ ಕೈ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಬೇಜಾರು ಮಾಡ್ಕೋಬ್ಯಾಡಪ್ಪ. ಈ ತಾಯೀದೇ ಬಿಗಿ ಐತೆ."

ಬೇಜಾರಾಯಿತು.

ಅಧ್ಯಕ್ಷರು ಡಾಕ್ಟರನ್ನು ಒಳಗೆ ಕರೆದುಕೊಂಡು ಹೋದರು. ಹೊರಗೆ ಬರುವಷ್ಟರಲ್ಲಿ ಆರು ತಿಂಗಳ ಮಜೂರಿ, ಚಿಕಿತ್ಸೆಯ ಖರ್ಚು ಕೊಡುವುದೆಂದು ತೀರ್ಮಾನವಾಗಿತ್ತು. ವಕೀಲರು ರಾಜಿ ಪತ್ರ ಓದಿ ಹೇಳಿದರು: ಸೂಜಿಯಿಂದ ಏನೂ ಆಗಿಲ್ಲ, ಮಾನವೀಯತೆಯ ಮೇಲೆ ಕೊಡಲಾಗಿದೆ. ಏನೂ ಆಗದ್ದಕ್ಕೆ ಅಷ್ಟು ಸಿಕ್ಕಿದ್ದು ಕಡಿಮೆಯೇನಲ್ಲ ಎಂದು ಸಹಿ ಹಾಕಿದೆ.

ಆರು ತಿಂಗಳು ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಮಾಡಿದೆ. ಮಗ್ಗ ಖಾಲಿ ಬಿಡಬಾರದೆಂದು ಅವಳು ಕೂತಳು, ಬಾಗಿಲು ತೆರೆದುಕೊಂಡೇ. ಆಮೇಲೆ ನಾನು ಏಳು ಅಂದಾಗ ಏಳಲಿಲ್ಲ.

ಈಗ ನನ್ನ ಹತ್ತಿರ ಇರುವುದು ಎರಡು ಮಗ್ಗ, ಅದರಲ್ಲೊಂದು ಅವಳದು; ಒಂದು ಹೆಂಚಿನ ಮನೆ; ತಲೆಯ ಮೇಲಕ್ಕೆ ಏಳುವ ಒಂದು ಬಲಗೈ; ಕಿವಿಯವರೆಗೆ ಏಳುವ ಒಂದು ಎಡಗೈ.